ಕಾಟಿಯನ್ನು ಕಾಟಿಯೆಂದೇ ಕರೆಯೋಣ

ಉತ್ತರ ಬಂಗಾಳದ ಡುವಾರ್ಸ್ ಸೀಮೆಯ ಚಹಾ ತೋಟಕ್ಕೆ ಆ ದೈತ್ಯ ಕಾಡುದನ ನುಗ್ಗಿದರೆ, ಮರುದಿನ ಕೋಲ್ಕತ್ತದ ಪತ್ರಿಕೆಗಳು ಅದನ್ನು ‘ಬೈಸನ್’ ಎನ್ನುತ್ತವೆ. ಅದೇ ಪ್ರಾಣಿ ಮಲೆನಾಡಿನ ಕಾಫಿ ತೋಟಕ್ಕಿಳಿದರೆ ನಮ್ಮ ಪತ್ರಿಕೆಗಳಲ್ಲಿ ‘ಕಾಡೆಮ್ಮೆ’ ಅಥವಾ ‘ಕಾಡುಕೋಣ’ವಾಗುತ್ತದೆ. ಎರಡೂ ಸರಿಯಲ್ಲ. ಬೈಸನ್ ಇರುವುದು ಅಮೆರಿಕ, ಯುರೋಪುಗಳಲ್ಲಿ. ಎಮ್ಮೆ ಕೋಣಗಳದು ಬೂಬಾಲಸ್ ಎಂಬ ಬೇರೆಯೇ ಕುಲ. ನಿಜವಾದ ಕಾಡೆಮ್ಮೆಯನ್ನು ಕಾಣಬೇಕಾದರೆ ಕಾಜಿರಂಗಕ್ಕೆ ಹೋಗಬೇಕು. ಬಂಡೀಪುರ, ನಾಗರಹೊಳೆಗಳಲ್ಲಿಯೂ ಇಲ್ಲಿನ ಗೊರುಮಾರಾ, ಜಲ್ದಾಪಾರಾಗಳಲ್ಲಿಯೂ ಮೇಯುವ, ಬಿಳಿಯ ಕಾಲುಚೀಲ ತೊಟ್ಟಂತೆ ತೋರುವ ಈ ಪ್ರಾಣಿ ಹಸುವಿನದೇ ಆದ ‘ಬಾಸ್’ ಕುಲಕ್ಕೆ ಸೇರಿದ್ದು. ಕಾಟಿ ಎಂಬ ಚೊಕ್ಕ ಹೆಸರು ಕೊಡಗು, ಚಿಕ್ಕಮಗಳೂರುಗಳ ಜನರ ಬಾಯಲ್ಲಿರುವಾಗ ತಪ್ಪು ಹೆಸರನ್ನು ಅಚ್ಚುಹಾಕುವುದೇಕೆ? ಕಡತಕ್ಕೆ ಒಮ್ಮೆ ಸೇರಿದ ತಪ್ಪು ಹೆಸರನ್ನು ತಿದ್ದಿಸುವ ಪಾಡು ಸರ್ಕಾರಿ ನೌಕರರಾದ ನಮಗೆ ಚೆನ್ನಾಗಿ ಗೊತ್ತು.

ಕೃಷ್ಣಮೃಗವನ್ನು ಜಿಂಕೆಯೆನ್ನುವುದೂ ಇಂಥದ್ದೇ. ಜಿಂಕೆ, ಕಡವೆಗಳ ಕವಲುಗೊಂಬು ಉದುರಿ ಮರಳಿ ಮೂಡುತ್ತದೆ. ದನ, ಕುರಿ, ಮೇಕೆ, ಕೃಷ್ಣಮೃಗಗಳ ಕೊಂಬಿಗೆ ಕವಲಿಲ್ಲ; ಒಳಗೆ ಮೂಳೆಯ ದಿಂಡು, ಮೇಲೆ ಉಗುರಿನಂಥ ಹೊದಿಕೆ, ಬದುಕಿರುವವರೆಗೂ ಅದೇ ಕೊಂಬು. ಹಾಗೆ ನೋಡಿದರೆ ಪಶ್ಚಿಮದ ಪಂಡಿತರೂ ಕಡಿಮೆ ತಡಕಾಡಿಲ್ಲ. 1758ರಲ್ಲಿ ಲಿನೇಯಸ್ ಕೃಷ್ಣಮೃಗಕ್ಕಿತ್ತ ‘ಸರ್ವಿಕ್ಯಾಪ್ರ’ ಎಂಬುದಕ್ಕೆ ಜಿಂಕೆ-ಮೇಕೆಯೆಂದರ್ಥ. ನೀಲಗಾಯ್‌ಯ ಶಾಸ್ತ್ರೀಯ ಹೆಸರಿನಲ್ಲಂತೂ ಎತ್ತು, ಜಿಂಕೆ, ಹೋತ, ಒಂಟೆ ನಾಲ್ಕೂ ಅಡಗಿವೆ! ನಮ್ಮ ಹಳ್ಳಿಗರ ಹೆಸರುಗಳೆಲ್ಲ ನಿರ್ದುಷ್ಟವೆಂದೂ ನಾವು ವಾದಿಸುತ್ತಿಲ್ಲ. ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಪ್ರಾಣಿ, ಕುರಿಯ ಕುಟುಂಬದ್ದೇ ಹೌದು. ಆದರೆ ಕಾಡುಕುರಿಯೆಂದು ಕರೆಸಿಕೊಳ್ಳುವ, ಬೊಗಳುವ ಪ್ರಾಣಿ ಜಿಂಕೆಯ ಬಳಗದ್ದು. ಆದರೂ ಅವರು ಎರಡಕ್ಕೆ ಎರಡು ಹೆಸರಿಟ್ಟಿದ್ದರು. ನಾವೀಗ ಎಲ್ಲಕ್ಕೂ ಒಂದೇ ‘ಜಿಂಕೆ’ಯನ್ನು ಅಂಟಿಸುತ್ತಿದ್ದೇವೆ.

ಊರಿನಲ್ಲಿರುವವರಿಗೆ ಇದು ಅಷ್ಟಾಗಿ ತಟ್ಟಲಾರದು. ಹುಬ್ಬಳ್ಳಿ-ಧಾರವಾಡದ ಬಸ್ಸಿನ ಮೈಮೇಲೆಯೇ ‘ಚಿಗರಿ’ ಎಂಬ ಹೆಸರು ದಿನವೂ ಓಡಾಡುತ್ತದೆ. ಹಾಗೆ ಹೆಸರಿಟ್ಟವರನ್ನು ಮೆಚ್ಚಬೇಕು. ವರ್ಗಾವಣೆಯ ದೆಸೆಯಿಂದ ಹೂಗ್ಲಿಯ ದಡ ಸೇರಿದ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್ ಹೆಸರು, ಬೀದಿಯಲ್ಲಿ ಬಂಗಾಳಿಯ ‘ಹರಿಣ್’ ಸಿಗುತ್ತವೆ. ಚಿಗರಿ, ಕಾಟಿ, ಕೊಂಡುಕುರಿಗಳು ಸಿಗಬೇಕಾದದ್ದು ನಮ್ಮಿಂದ ಮಾತ್ರ. ಚೌರಂಗಿಯಲ್ಲಿ 1814ರಷ್ಟು ಹಳೆಯ ಇತಿಹಾಸದ ಭಾರತೀಯ ವಸ್ತುಸಂಗ್ರಹಾಲಯವಿದೆ, ಅಲಿಪುರದಲ್ಲಿ ಮೃಗಾಲಯವಿದೆ. ಮುಂದಿನ ರಜೆಯಲ್ಲಿ ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗುವಾಗ, ಫಲಕವನ್ನು ಓದುವ ಮೊದಲು ಕೊಂಬನ್ನು ನೋಡಿ ಕನ್ನಡದ ಹೆಸರು ಹೇಳುವ ಆಟವನ್ನು ಆಡಿಸಿರಿ.