ಭಾನುವಾರಕ್ಕೆ ಬಂದ ಹಬ್ಬಗಳು

ಮುಂಬಯಿಯ ಅಡುಗೆಮನೆಗಳ ಗೋಡೆಯಲ್ಲಿ ತೂಗುವ ಕಾಲನಿರ್ಣಯ ಕ್ಯಾಲೆಂಡರಿನ ಮೇಲೆ ನನಗೆ ಬಹಳ ಗೌರವ. ಜಯಂತರಾವ್ ಸಾಳಗಾಂವ್ಕರ್ ಅದನ್ನು 1973ರಲ್ಲಿ ಶುರು ಮಾಡಿದರು. ಈಗ ಕನ್ನಡದಲ್ಲೂ ಬರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಕು, ಮಕ್ಕಳ ಪರೀಕ್ಷೆ ಎಲ್ಲವನ್ನೂ ನಮ್ಮ ಹೆಂಗಸರು ಅದರ ಮೇಲೆಯೇ ಗೀಚಿಡುತ್ತಾರೆ. ಆ ಗೀಚುಗಳ ಅಡಿಯಲ್ಲಿ ಏಕಾದಶಿ, ಸಂಕಷ್ಟಿಗಳ ಜೊತೆಗೆ ಈದ್, ಪಾರ್ಸಿಗಳ ಪತೇತಿ, ಗುಡ್ ಫ್ರೈಡೇ ಇರುತ್ತವೆ. ಒಂದೇ ಕಟ್ಟಡದಲ್ಲಿ ವಾಸಿಸುವವರ ವರ್ಷ ಎಷ್ಟು ಬಗೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೊಸ ವರ್ಷವನ್ನೇ ತೆಗೆದುಕೊಳ್ಳಿ. ನಮ್ಮ ಯುಗಾದಿ ಮತ್ತು ಮರಾಠಿಗರ ಗುಡಿ ಪಾಡ್ವಾ ಒಂದೇ ದಿನ. ಇಬ್ಬರದ್ದೂ ಶಾಲಿವಾಹನ ಶಕೆ, ಇಬ್ಬರಿಗೂ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಹೀಗಾಗಿ ಶ್ರಾವಣ, ಗೌರಿ, ಗಣಪತಿ, ನವರಾತ್ರಿಗಳಲ್ಲಿ ಮುಂಬಯಿ ನಮಗೆ ಪರಕೀಯ ಎನಿಸುವುದೇ ಇಲ್ಲ. ಪಕ್ಕದ ಮನೆಯ ಉತ್ತರ ಪ್ರದೇಶದವರಿಗೆ ತಿಂಗಳು ಮುಗಿಯುವುದು ಹುಣ್ಣಿಮೆಗೆ. ಅವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಬಂದಿರುತ್ತದೆ. ಗುಜರಾತಿಗಳಿಗೆ ದೀಪಾವಳಿಯ ಮರುದಿನ ಹೊಸ ವರ್ಷ. ಪಾರ್ಸಿಗಳಲ್ಲಿ ಹೆಚ್ಚಿನವರಿಗೆ ಆಗಸ್ಟ್ ನಡುವಿನಲ್ಲಿ. ಇನ್ನು ಕರಾವಳಿಯ ನಮಗೆ ಯುಗಾದಿ ಮುಗಿದರೂ ವರ್ಷ ಪೂರ್ತಿ ಹುಟ್ಟಿರುವುದಿಲ್ಲ. ತುಳುವರದು ಸೂರ್ಯನ ಲೆಕ್ಕ. ಎಪ್ರಿಲ್ ನಡುವೆ ಬಿಸು ಬಂದು ಕಣಿ ಇಟ್ಟಮೇಲೆಯೇ ಹೊಸ ವರ್ಷ. 14ನೇ ತಾರೀಕಿಗೆ ಬಿದ್ದರೆ ಅಂಬೇಡ್ಕರ್ ಜಯಂತಿಯ ರಜೆ ಬಿಸುವಿಗೂ ಒದಗುತ್ತದೆ.

ಉಳಿದ ಹಬ್ಬಗಳಿಗೆ ರಜೆ ಎಲ್ಲಿಂದ ತರುವುದು? ವರಮಹಾಲಕ್ಷ್ಮಿ ಬರುವುದೇ ಶುಕ್ರವಾರ. ಸಂಜೆ ಏಳರ ಲೋಕಲ್ ಹಿಡಿದು, ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಇಳಿದು, ಸ್ಟೇಷನ್ ಹೊರಗೆ ಹೂ ಕೊಂಡು ಮನೆ ಸೇರಿದ ಹೆಣ್ಣುಮಗಳು ಯಾರನ್ನು ಕರೆಯಬೇಕು, ಎಷ್ಟು ಹೊತ್ತಿಗೆ ಕರೆಯಬೇಕು? ಅದಕ್ಕೇ ಮುಂಬಯಿಯ ನಮ್ಮವರು ಒಂದು ದಾರಿ ಕಂಡುಕೊಂಡರು. ತಿಥಿಯ ದಿನ ಮನೆಯಲ್ಲಿ ದೀಪ, ಭಾನುವಾರ ನಾಲ್ಕು ಜನ.

ಹಿರಿಯರು ಕೆಲವರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಹಬ್ಬವನ್ನು ನಮ್ಮ ಅನುಕೂಲಕ್ಕೆ ಎಳೆದಾಡಬಾರದು ಎಂಬುದು ಅವರ ಮಾತು. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ನೆರೆಯ ಮರಾಠಿ ಗೃಹಿಣಿಯರ ಅರಸಿನ ಕುಂಕುಮ ಸಂಕ್ರಾಂತಿಗೆ ಆರಂಭವಾದರೆ ರಥಸಪ್ತಮಿಯವರೆಗೆ ಯಾವ ದಿನವಾದರೂ ಆದೀತು. ತುಳಸಿ ಮದುವೆಗೂ ಇಲ್ಲಿ ದ್ವಾದಶಿಯಿಂದ ಹುಣ್ಣಿಮೆಯವರೆಗೆ ಅವಕಾಶವಿದೆ. ಜನ ಸೇರಬೇಕಾದ ಕಡೆ ಸಂಪ್ರದಾಯ ತಾನೇ ದಿನಗಳನ್ನು ಸಡಿಲ ಬಿಟ್ಟಿದೆ. ಅಲ್ಲದೆ ಮುಂಬಯಿಯ ಭಾನುವಾರ ಸುಮ್ಮನೆ ಸಿಕ್ಕ ದಿನವೂ ಅಲ್ಲ. ಗಿರಣಿ ಕಾರ್ಮಿಕರಿಗೆ ವಾರದ ರಜೆಯೇ ಇಲ್ಲದಿದ್ದ ಕಾಲದಲ್ಲಿ, ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿದರು. ಸಹಿ ಸಂಗ್ರಹ, ಸಭೆ, ಮನವಿ ಎಂದು ಆರು ವರ್ಷ ಬೆನ್ನು ಹತ್ತಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಭಾನುವಾರ ಖಂಡೋಬನ ವಾರ. ಜೇಜುರಿಯ ಆ ಖಂಡೋಬನೇ ನಮ್ಮ ಮೈಲಾರಲಿಂಗ. ಕನ್ನಡ, ಮರಾಠಿ ಎರಡೂ ಸೀಮೆಯ ದೈವದ ವಾರವೊಂದು ಕೆಲಸಗಾರರ ಬಿಡುವಿನ ದಿನವಾಯಿತು. ಅಂಥ ದಿನಕ್ಕೆ ಹಬ್ಬವನ್ನು ಕರೆತಂದರೆ ಹಬ್ಬಕ್ಕೇನೂ ಕುಂದಿಲ್ಲ.

ಆಟಿ ತಿಂಗಳನ್ನು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ಊರಿನಲ್ಲಿ ಹಬ್ಬವೇ ಆಗಿರಲಿಲ್ಲ. ಜಡಿಮಳೆ, ಕಣಜ ಬರಿದು, ಕೂಲಿಯಿಲ್ಲ, ಶುಭಕಾರ್ಯವಿಲ್ಲ. ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಬೇಲಿಬದಿಯ ತಜಂಕ್ ಸೊಪ್ಪು, ಕಣಿಲೆ, ಕೆಸುವಿನ ಎಲೆ, ಇಷ್ಟರಲ್ಲೇ ದಿನ ದೂಡಬೇಕಿತ್ತು. ಆ ತಿಂಗಳು ಇವತ್ತು ಮುಂಬಯಿಯ ತುಳು ಕನ್ನಡಿಗರ ಸಂಘಗಳಲ್ಲಿ ‘ಆಟಿಡೊಂಜಿ ದಿನ’ವಾಗಿ, ಬಹುಮಟ್ಟಿಗೆ ಭಾನುವಾರಗಳಲ್ಲೇ, ಸಂಭ್ರಮದಿಂದ ನಡೆಯುತ್ತದೆ. ಹಸಿವಿನ ತಿಂಗಳನ್ನು ಹೊಟ್ಟೆ ತುಂಬಿದವರು ನೆನೆಯುವುದು ಸಣ್ಣ ಮಾತಲ್ಲ. ಅಜ್ಜಿಯರು ಏನು ತಿಂದು ನಮ್ಮನ್ನು ಉಳಿಸಿದರು ಎಂಬುದು ಅಂಧೇರಿಯಲ್ಲಿ ಹುಟ್ಟಿದ ಮೊಮ್ಮಗನ ನಾಲಿಗೆಗೆ ಗೊತ್ತಾಗುವುದು ಆ ದಿನವೇ.

ಆ ಊಟದ ಪತ್ರೊಡೆ ತಯಾರಾಗುವುದನ್ನು ಹತ್ತಿರದಿಂದ ನೋಡಬೇಕು. ಕೆಸುವಿನ ಎಲೆ ಮಾರ್ಕೆಟಿನಲ್ಲಿ ‘ಅಳೂ’ ಎಂಬ ಹೆಸರಿನಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ. ಎಲೆಯನ್ನು ಬೋರಲು ಹಾಕಿ ದಪ್ಪ ನರಗಳನ್ನು ಚೂರಿಯಿಂದ ಹೆರೆದು ತೆಗೆಯುತ್ತಾರೆ. ಅಕ್ಕಿ, ಮೆಣಸು, ಹುಣಸೆ, ಬೆಲ್ಲ ಸೇರಿಸಿ ರುಬ್ಬಿದ ಹಿಟ್ಟನ್ನು ಬೆರಳಿನಲ್ಲಿ ಸವರಿ, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಹೀಗೆ ನಾಲ್ಕೈದು ಎಲೆಯಾದ ಮೇಲೆ ಅಂಚು ಮಡಚಿ ಬಿಗಿಯಾಗಿ ಸುತ್ತಿ ಹಬೆಯಲ್ಲಿಡುತ್ತಾರೆ. ಹುಣಸೆ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಎದುರು ಮನೆಯ ಗುಜರಾತಿ ಅತ್ತಿಗೆ ಅದೇ ಎಲೆಗೆ ಕಡಲೆಹಿಟ್ಟು ಸವರಿ ‘ಪಾತ್ರಾ’ ಮಾಡುತ್ತಾರೆ, ಮೇಲಿನ ಮಹಡಿಯ ಮರಾಠಿ ಅಜ್ಜಿಯದು ‘ಅಳೂವಡಿ’. ಮಳೆಗಾಲದಲ್ಲಿ ಈ ಮೂರೂ ತಟ್ಟೆಗಳು ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಡುತ್ತವೆ. ಯಾರ ತಟ್ಟೆಯೂ ಖಾಲಿ ಹಿಂದಿರುಗುವುದಿಲ್ಲ.

ಎಲ್ಲ ಹಬ್ಬಗಳೂ ಭಾನುವಾರಕ್ಕೆ ಬರುವುದಿಲ್ಲ ಎಂಬುದೂ ನಿಜ. ಅಷ್ಟಮಿಯನ್ನು ಸಾಂತಾಕ್ರೂಜ್‌ನ ಪೇಜಾವರ ಮಠದಲ್ಲಿ ಅಷ್ಟಮಿಯಂದೇ ಮಾಡಬೇಕು. ಚೌತಿಯೂ ಜಗ್ಗುವುದಿಲ್ಲ. 1893ರಲ್ಲಿ ಗಿರಗಾಂವ್‌ನ ಕೇಶವಜಿ ನಾಯಕ್ ಚಾಳ್‌ನಲ್ಲಿ ಸಾರ್ವಜನಿಕವಾದ ಗಣಪತಿ ಇವತ್ತು ಊರನ್ನೇ ನಿಲ್ಲಿಸಬಲ್ಲ. ಕಿಂಗ್ಸ್ ಸರ್ಕಲ್‌ನಲ್ಲಿ ಜಿಎಸ್‌ಬಿ ಸೇವಾ ಮಂಡಲದವರ ಗಣಪತಿಗೆ ಐದು ದಿನ ಜನಸಾಗರ. ಊರಿಗೇ ಹೋಗಬೇಕೆನ್ನುವವರಿಗೆ 1998ರಿಂದ ಕೊಂಕಣ ರೈಲ್ವೆ ಇದೆ, ಆದರೆ ಚೌತಿಯ ವಾರದಲ್ಲಿ ಮತ್ಸ್ಯಗಂಧದ ಟಿಕೆಟು ಬುಕಿಂಗ್ ತೆರೆದ ಕೂಡಲೇ ಮುಗಿದಿರುತ್ತದೆ.

ನನಗೆ ಬೇಸರವಿರುವುದು ಬೇರೆ ವಿಷಯದಲ್ಲಿ. ಭಾನುವಾರದ ಹಬ್ಬ ಮನೆಯಿಂದ ಸಭಾಗೃಹಕ್ಕೆ ಹೋದಮೇಲೆ ವೇದಿಕೆ ದೊಡ್ಡದಾಯಿತು. ಸ್ವಾಗತ, ಪ್ರಸ್ತಾವನೆ, ಶಾಲು, ಸ್ಮರಣಿಕೆ ಎಂದು ಸಾಲು ಮುಗಿಯುವ ಹೊತ್ತಿಗೆ ಮಕ್ಕಳು ಹಸಿದು ಅಮ್ಮನ ಸೆರಗು ಎಳೆಯುತ್ತಿರುತ್ತಾರೆ, ಪತ್ರೊಡೆ ತಣ್ಣಗಾಗಿರುತ್ತದೆ. ದೂರದ ವಸಾಯಿಯಿಂದ, ಪನ್ವೇಲ್‌ನಿಂದ ಬಂದವರು ತಮ್ಮವರೊಡನೆ ಕೂತು ಮಾತಾಡಲು ಬಂದಿರುತ್ತಾರೆ. ಅವರನ್ನು ಮೂರು ಗಂಟೆ ಕುರ್ಚಿಯಲ್ಲಿ ಕೂರಿಸಿ ಭಾಷಣ ಕೇಳಿಸುವುದು ಅನ್ಯಾಯ.

ಅದಕ್ಕಿಂತ ದೊಡ್ಡ ಅನ್ಯಾಯ ನಮ್ಮ ಕಣ್ಣಿಗೇ ಬೀಳುತ್ತಿಲ್ಲ. ಮುಂಬಯಿಯಲ್ಲಿ ನಮ್ಮವರ ಹೆಸರು ನಿಂತದ್ದು ಹೋಟೆಲಿನ ಮೇಲೆ. ಮಾಟುಂಗದಲ್ಲಿ ರಾಮ ನಾಯಕರ ಬೋರ್ಡಿಂಗ್ 1942ರದ್ದು. ಊರೆಲ್ಲ ಹಬ್ಬದಲ್ಲಿರುವಾಗ ಹೋಟೆಲಿನ ಅಡುಗೆ ಭಟ್ಟರಿಗೆ, ಸಪ್ಲಾಯರ್‌ಗಳಿಗೆ, ಪಾತ್ರೆ ತೊಳೆಯುವವರಿಗೆ ಎರಡು ಪಟ್ಟು ಕೆಲಸ. ಭಾನುವಾರವಂತೂ ಹೊರಗೆ ಸಾಲು ನಿಂತಿರುತ್ತದೆ. ಲೋಖಂಡೆಯವರ ಭಾನುವಾರ ಅವರ ಪಾಲಿಗೆ ಇನ್ನೂ ಬಂದಿಲ್ಲ. ಹಿಂದಿನವರಿಗೆ ಈ ಅರಿವಿತ್ತು. ಹಗಲೆಲ್ಲ ದುಡಿಯುವ ಹುಡುಗರು ಓದಲೆಂದೇ ಅವರು ಫೋರ್ಟಿನಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಹುಡುಗರು ಬಿಡುವಾಗುವ ಹೊತ್ತಿಗೆ ಪಾಠದ ಗಂಟೆ ಹೊಡೆಯುತ್ತಿತ್ತು.

ಕೆಫೆ ಮದ್ರಾಸ್‌ನಂಥ ಮಾಟುಂಗದ ಹಳೆಯ ಹೋಟೆಲುಗಳಿಗೆ ವಾರದ ರಜೆ ಸೋಮವಾರ. ನಮ್ಮ ಸಂಘಗಳ ಪದಾಧಿಕಾರಿಗಳಲ್ಲಿ ಕೈಮುಗಿದು ಕೇಳುತ್ತೇನೆ: ಈ ಸಲದ ಆಟಿಯ ಊಟವನ್ನು ಒಂದು ಸೋಮವಾರ ಇಟ್ಟುಕೊಳ್ಳಿ. ವೇದಿಕೆ, ಶಾಲು ಯಾವುದೂ ಬೇಡ. ಹೋಟೆಲಿನವರನ್ನು ಎಲೆಯ ಮುಂದೆ ಕೂರಿಸಿ, ಬಡಿಸುವ ಕೆಲಸ ನಾವು ಮಾಡೋಣ.