ಸಾಕು ಎನ್ನುವ ಅಧಿಕಾರ

ತೃಪ್ತಿಯನ್ನು ಹೊಗಳುವುದು ನಮ್ಮ ಸಭೆ ಸಮಾರಂಭಗಳಲ್ಲಿ ಒಂದು ವಾಡಿಕೆಯೇ ಆಗಿಬಿಟ್ಟಿದೆ. ಹಿರಿಯರೊಬ್ಬರು ಮಾತಿಗೆ ನಿಂತರೆಂದರೆ, "ನಮ್ಮ ಕಾಲದಲ್ಲಿ ಇದ್ದುದರಲ್ಲಿಯೇ ನೆಮ್ಮದಿಯಾಗಿದ್ದೆವು; ಈಗಿನವರಿಗೆ ಎಷ್ಟಿದ್ದರೂ ಸಾಲದು" ಎಂಬ ವಾಕ್ಯ ಬಂದೇ ಬರುತ್ತದೆ. ಸಭೆಯಲ್ಲಿರುವ ಹಿರಿಯರು ತಲೆದೂಗುತ್ತಾರೆ. ಕಿರಿಯರು ಮೊಬೈಲ್ ನೋಡುತ್ತಾರೆ. ಈ ವಾಕ್ಯದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಪರೀಕ್ಷಿಸದೆ ಬಿಟ್ಟರೆ, ಕೊಳ್ಳುಬಾಕ ಸಂಸ್ಕೃತಿಯ ವಿರುದ್ಧ ನಾವಾಡುವ ಮಾತೆಲ್ಲ ಗತಕಾಲದ ಹಳಹಳಿಕೆಯಾಗಿ ಮುಗಿಯುತ್ತದೆ.

ನಾನು ದೆಹಲಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕೇಂದ್ರ ಸರ್ಕಾರದ ಗುಮಾಸ್ತೆಯ ಕೆಲಸಕ್ಕೆ. ರಾಮಕೃಷ್ಣಪುರಂ, ಸರೋಜಿನಿ ನಗರ, ನೇತಾಜಿ ನಗರಗಳ ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ನಮ್ಮವರ ಸಂಸಾರಗಳು ಸಾಗುತ್ತಿದ್ದ ಕಾಲ ಅದು. ಯಾರಿಗೆ ಎಷ್ಟು ಕೋಣೆಯ ಮನೆ ಎಂಬುದನ್ನು ಸಂಬಳದ ಶ್ರೇಣಿಯೇ ತೀರ್ಮಾನಿಸುತ್ತಿತ್ತು. ಟೈಪ್ ಎರಡರಿಂದ ಟೈಪ್ ಮೂರಕ್ಕೆ ಹೋಗುವುದೇ ಜೀವಮಾನದ ಒಂದು ಘಟನೆ. ದಿನಸಿಗೆ 1963ರಲ್ಲಿ ಆರಂಭವಾಗಿದ್ದ ಕೇಂದ್ರೀಯ ಭಂಡಾರ. ತಿಂಗಳಿಗೊಮ್ಮೆ ಕನಾಟ್ ಪ್ಲೇಸಿನಲ್ಲಿ 1966ರಲ್ಲಿ ತೆರೆದಿದ್ದ ಸೂಪರ್ ಬಜಾರ್. ಬಜಾಜ್ ಸ್ಕೂಟರಿಗೆ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಟೆಲಿಫೋನು, ಅಡುಗೆ ಅನಿಲಗಳ ಕತೆಯೂ ಇದೇ.

ಇದನ್ನು ತೃಪ್ತಿ ಎನ್ನೋಣವೇ? ಸರದಿ ಬಂದ ಸ್ಕೂಟರನ್ನು ಬಾಗಿಲಿಗೆ ತರುವ ಮೊದಲೇ ಹೆಚ್ಚಿನ ಬೆಲೆಗೆ ಮಾರಿಕೊಂಡವರು ಆಗಲೂ ಇದ್ದರು. ಪಾಲಿಕಾ ಬಜಾರಿನ ವಿದೇಶಿ ಮಾಲಿನ ಮಳಿಗೆಗಳ ಮುಂದೆ ಕಣ್ಣರಳಿಸಿ ನಿಂತವರು ಆಗಲೂ ಇದ್ದರು. ಆಸೆ ಇತ್ತು, ಅದನ್ನು ತೀರಿಸಿಕೊಳ್ಳುವ ದಾರಿ ಇರಲಿಲ್ಲ. ನಾವು ತೃಪ್ತಿಯೆಂದು ನೆನಪಿಸಿಕೊಳ್ಳುವ ಸ್ಥಿತಿಯ ಬಹುಭಾಗ ಸರದಿಯ ಸಾಲಿನಲ್ಲಿ ಕಲಿತ ತಾಳ್ಮೆ. ತಾಳ್ಮೆಗೂ ಬೆಲೆಯುಂಟು, ಆದರೆ ಅದನ್ನೇ ವೈರಾಗ್ಯವೆಂದು ಮಕ್ಕಳ ಮುಂದೆ ಪ್ರದರ್ಶಿಸುವುದು ಸರಿಯಲ್ಲ. ಆ ಕಾಲದಲ್ಲಿ ನಿಜವಾಗಿ ಒಂದು ಅನುಕೂಲವಿತ್ತು: ಅಕ್ಕಪಕ್ಕದ ಎಲ್ಲರ ಮನೆಯೂ ಒಂದೇ ಅಳತೆಯದು. ಹೋಲಿಸಿ ನೋಡಿ ಕರುಬುವುದಕ್ಕೆ ಅವಕಾಶ ಕಡಿಮೆಯಿತ್ತು.

ಆ ಅವಕಾಶವನ್ನು ಒದಗಿಸಿದ್ದು ಮಾರುಕಟ್ಟೆ. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ದೂರದರ್ಶನಕ್ಕೆ ಬಣ್ಣ ಬಂತು. 1983ರ ಡಿಸೆಂಬರಿನಲ್ಲಿ ಗುಡಗಾಂವ್‌ನ ಕಾರ್ಖಾನೆಯಿಂದ ಮೊದಲ ಮಾರುತಿ ಕಾರು ಹೊರಬಂತು. ಅದೇ ದಶಕದಲ್ಲಿ ಒನಿಡಾ ಟೆಲಿವಿಷನ್ನಿನ ಜಾಹೀರಾತು ಕೊಂಬು ಬಾಲಗಳಿದ್ದ ಸೈತಾನನೊಬ್ಬನನ್ನು ಮನೆಮನೆಗೆ ಕರೆತಂದಿತು. ನೆರೆಯವನು ಹೊಟ್ಟೆಕಿಚ್ಚು ಪಡುವಂತಿರುವುದೇ ಕೊಂಡವನ ಹೆಮ್ಮೆ ಎಂಬುದು ಅದರ ತಾತ್ಪರ್ಯ. ಅಷ್ಟು ಪ್ರಾಮಾಣಿಕವಾದ ಜಾಹೀರಾತು ಅನಂತರ ಬಂದಂತೆ ನನಗೆ ತೋರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿಯೇ ಹೇಳಿದ್ದನ್ನು ಅದು ಒಂದು ಚಿತ್ರದಲ್ಲಿ ತೋರಿಸಿತು: ಉಳ್ಳವರು ವಸ್ತುಗಳನ್ನು ಬಳಸುವುದು ಉಪಯೋಗಕ್ಕೆಂದಷ್ಟೇ ಅಲ್ಲ, ಇತರರಿಗೆ ಕಾಣಲಿ ಎಂದು ಕೂಡ.

1991ರ ಜುಲೈ ತಿಂಗಳ ಮುಂಗಡಪತ್ರದೊಂದಿಗೆ ಉದಾರೀಕರಣದ ಯುಗ ತೊಡಗಿತು. ಸರದಿಯ ಸಾಲು ಕರಗಿತು. ಇದನ್ನು ನಾನು ದುರಂತವೆಂದು ಭಾವಿಸಿಲ್ಲ. ಊರಿನಲ್ಲಿ ತಾಯಿಗೆ ಕಾಯಿಲೆಯೆಂದರೆ ಟ್ರಂಕ್ ಕಾಲ್ ಕಾದಿರಿಸಿ ಅರ್ಧ ದಿನ ಕುಳಿತಿದ್ದವರಿಗೆ ಸುಲಭವಾಗಿ ದೊರೆತ ಟೆಲಿಫೋನಿನ ಮಹತ್ವ ಗೊತ್ತು. 1997ರಲ್ಲಿ ಐದನೆಯ, 2008ರಲ್ಲಿ ಆರನೆಯ, 2016ರಲ್ಲಿ ಏಳನೆಯ ವೇತನ ಆಯೋಗಗಳ ಶಿಫಾರಸುಗಳು ಜಾರಿಗೆ ಬಂದು ನೌಕರರ ಕೈಗೆ ಹಣವೂ ಬಂತು. 1999ರಲ್ಲಿ ದಕ್ಷಿಣ ದೆಹಲಿಯಲ್ಲಿ ಅನ್ಸಲ್ ಪ್ಲಾಜಾ ತೆರೆದಾಗ ಅದನ್ನು ನೋಡಲೆಂದೇ ಜನ ಬಸ್ಸು ಹಿಡಿದು ಹೋದರು. ಕೆಲವೇ ವರ್ಷಗಳಲ್ಲಿ ಗುಡಗಾಂವ್‌ನ ರಸ್ತೆಯೊಂದರ ಇಕ್ಕೆಲದಲ್ಲಿ ಮಾಲ್‌ಗಳು ಸಾಲಾಗಿ ನಿಂತವು. ಈಗ ಅಂಗಡಿಗೆ ಹೋಗುವ ಶ್ರಮವೂ ಉಳಿದಿಲ್ಲ. ಬೆರಳೊತ್ತಿದರೆ ಸಾಮಾನು ಕೆಲವೇ ನಿಮಿಷಗಳಲ್ಲಿ ಬಾಗಿಲಿಗೆ ಬರುತ್ತದೆ, ಹಣವನ್ನು ಕಂತಿನಲ್ಲಿ ಕಟ್ಟಬಹುದು. ಹಿಂದೆ ಬೇಕೆನಿಸಿದ್ದಕ್ಕೂ ಕೈಗೆ ಬಂದದ್ದಕ್ಕೂ ನಡುವೆ ಒಂದು ಅವಧಿ ಇರುತ್ತಿತ್ತು. ಅನೇಕ ಬಯಕೆಗಳು ಆ ಅವಧಿಯಲ್ಲಿ ತಾವಾಗಿಯೇ ಉದುರಿಹೋಗುತ್ತಿದ್ದವು. ಆ ಅವಧಿಯನ್ನು ಇಲ್ಲವಾಗಿಸಿದ್ದೇ ಇಂದಿನ ಮಾರುಕಟ್ಟೆಯ ದೊಡ್ಡ ಗೆಲುವು.

ಇಷ್ಟಾದರೂ ಟಿ.ವಿ., ಮೊಬೈಲುಗಳ ಆಸೆ ಸಣ್ಣದು. ನಮ್ಮ ರಾಜಧಾನಿ ವಲಯದಲ್ಲಿ ಅತೃಪ್ತಿ ತನ್ನ ಪೂರ್ಣ ಗಾತ್ರವನ್ನು ತೋರಿಸಿದ್ದು ಮನೆಗಳ ವಿಷಯದಲ್ಲಿ. ನೋಯ್ಡಾದ ಸೆಕ್ಟರ್ 93ಎಯಲ್ಲಿ ಸೂಪರ್‌ಟೆಕ್ ಸಂಸ್ಥೆ ಕಟ್ಟಿದ ಎಮರಾಲ್ಡ್ ಕೋರ್ಟ್ ವಸತಿ ಸಮುಚ್ಚಯವನ್ನೇ ನೋಡಿ. ನಿವಾಸಿಗಳಿಗೆ ಮೊದಲು ಉದ್ಯಾನವೆಂದು ತೋರಿಸಿದ್ದ ಜಾಗದಲ್ಲಿ ಇನ್ನೆರಡು ಗೋಪುರಗಳಿಗೆ ಅನುಮತಿ ದೊರೆಯಿತು. ಅನಂತರ ಅವುಗಳ ಎತ್ತರವನ್ನು 40 ಅಂತಸ್ತುಗಳವರೆಗೆ ಏರಿಸಲೂ ಅನುಮತಿ ದೊರೆಯಿತು. ನಿವಾಸಿಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯ ಗೋಪುರಗಳನ್ನು ಕೆಡವಲು ಆದೇಶಿಸಿತು. 2021ರ ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2022ರ ಆಗಸ್ಟ್ 28ರ ಮಧ್ಯಾಹ್ನ, ಸುಮಾರು 3,700 ಕಿಲೋ ಸ್ಫೋಟಕ ಬಳಸಿ, ಕುತುಬ್ ಮಿನಾರಿಗಿಂತ ಎತ್ತರವಾಗಿದ್ದ ಆ ಕಟ್ಟಡಗಳನ್ನು ಕೆಲವೇ ಸೆಕೆಂಡುಗಳಲ್ಲಿ ನೆಲಕ್ಕೆ ಬೀಳಿಸಲಾಯಿತು. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ಒಂದು ತಮಾಷೆಯಂತೆ ನೋಡಿತು. ನನಗೆ ಮುಖ್ಯವೆನಿಸಿದ್ದು ಬೀಳುವ ದೃಶ್ಯಕ್ಕಿಂತ ಅದರ ಹಿಂದಿನ ದಾವೆ. ಇದ್ದಷ್ಟು ಕಟ್ಟಡ ಸಾಕು, ನಮಗೆ ಉದ್ಯಾನ ಬೇಕು ಎಂದು ಸಾಮಾನ್ಯ ಜನ ಹಲವು ವರ್ಷ ಹಟ ಹಿಡಿದು ನ್ಯಾಯಾಲಯದಲ್ಲಿ ನಿಂತರು. ತೃಪ್ತಿಯೆಂದರೆ ಕೈಕಟ್ಟಿ ಕೂಡುವುದು ಎಂದುಕೊಂಡವರು ಈ ಪ್ರಕರಣವನ್ನು ಗಮನಿಸಬೇಕು.

ಈ ಗೋಪುರಗಳಿಗೆ ಗಿರಾಕಿಗಳು ಯಾರು ಎಂಬ ಪ್ರಶ್ನೆಯೂ ಇದೆ. ತಲೆಯ ಮೇಲೊಂದು ಸೂರು ಬೇಕೆಂದವರು ಬಹಳ ಮಂದಿ. ಅವರನ್ನು ದೂರುವುದು ಪಾಪ. ಆಮ್ರಪಾಲಿ ಸಮೂಹದ ಯೋಜನೆಗಳಲ್ಲಿ ಹಣ ತೊಡಗಿಸಿ ವರ್ಷಗಟ್ಟಲೆ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟಿದ ಕುಟುಂಬಗಳು ಎಷ್ಟೋ. 42,000ಕ್ಕೂ ಮಿಕ್ಕ ಗ್ರಾಹಕರು ಸಿಲುಕಿದ್ದ ಆ ಪ್ರಕರಣದಲ್ಲಿ 2019ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯವೇ ಮಧ್ಯೆ ಬಂದು, ಉಳಿದ ಕಟ್ಟಡಗಳನ್ನು ಪೂರ್ಣಗೊಳಿಸುವ ಹೊಣೆಯನ್ನು ಸರ್ಕಾರಿ ಸಂಸ್ಥೆಯಾದ ಎನ್‌ಬಿಸಿಸಿಗೆ ವಹಿಸಬೇಕಾಯಿತು. ಆದರೆ ಇರುವ ಮನೆಯ ಜೊತೆಗೆ ಎರಡನೆಯದು, ಮೂರನೆಯದು, ಬೆಲೆ ಏರಿದಾಗ ಮಾರುವುದಕ್ಕೆ ಎಂದು ಕೊಂಡವರೂ ಕಡಿಮೆಯಿಲ್ಲ. ಅವರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ವಾಸಕ್ಕೆಂದು ಕೇಳುವವನೂ ಲಾಭಕ್ಕೆಂದು ಕೇಳುವವನೂ ಒಂದೇ ಮಾರುಕಟ್ಟೆಯಲ್ಲಿ ನಿಂತಾಗ ಬೆಲೆ ಏರುತ್ತದೆ, ಮೊದಲನೆಯವನು ಹಿಂದೆ ಬೀಳುತ್ತಾನೆ. ಈ ಮಾರುಕಟ್ಟೆ ನೆಲೆಗೊಂಡದ್ದಾದರೂ ರೈತರ ಹೊಲಗಳ ಮೇಲೆ. 2011ರ ಮೇ ತಿಂಗಳಿನಲ್ಲಿ ಗ್ರೇಟರ್ ನೋಯ್ಡಾದ ಭಟ್ಟಾ ಪಾರ್ಸೌಲ್ ಗ್ರಾಮದಲ್ಲಿ ಭೂಸ್ವಾಧೀನದ ವಿರುದ್ಧ ನಡೆದ ಸಂಘರ್ಷದಲ್ಲಿ ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು.

ಕೊಂಡದ್ದರ ಕೊನೆ ಎಲ್ಲಿ ಎಂಬುದನ್ನು ಅರಿಯಲು ಪೂರ್ವ ದೆಹಲಿಯ ಘಾಜಿಪುರಕ್ಕೆ ಹೋಗಬೇಕು. ಅಲ್ಲಿ ಕಸ ಸುರಿಯಲಾರಂಭಿಸಿದ್ದು 1984ರಲ್ಲಿ, ಎಂದರೆ ಮಾರುತಿ ಕಾರು ರಸ್ತೆಗಿಳಿದ ಮರುವರ್ಷ. 2002ರ ವೇಳೆಗೇ ಅದರ ಧಾರಣಶಕ್ತಿ ಮುಗಿದಿತ್ತು, ಸುರಿಯುವುದು ಮಾತ್ರ ನಿಲ್ಲಲಿಲ್ಲ. 2017ರ ಸೆಪ್ಟೆಂಬರ್ 1ರಂದು ಆ ಗುಡ್ಡದ ಒಂದು ಭಾಗ ಕುಸಿದು ಇಬ್ಬರು ಸತ್ತರು. 2019ರಲ್ಲಿ ಅದರ ಎತ್ತರ ಸುಮಾರು 65 ಮೀಟರ್. ಕುತುಬ್ ಮಿನಾರಿನ ಎತ್ತರ ಸುಮಾರು 73. ಒಬ್ಬ ಸುಲ್ತಾನ ತೊಡಗಿ ಅವನ ನಂತರದವರು ಮುಗಿಸಿದ ಸ್ಮಾರಕವನ್ನು ನಾವು ಕಸದಿಂದಲೇ ಹೆಚ್ಚುಕಡಿಮೆ ಸರಿಗಟ್ಟಿದೆವು.

ಇಲ್ಲಿಗೆ ಬಂದಾಗ ಒಂದು ಎಚ್ಚರಿಕೆ ಅಗತ್ಯ. 'ಇದ್ದುದರಲ್ಲಿ ತೃಪ್ತಿಪಡಬೇಕು' ಎಂಬ ಉಪದೇಶ ನಮ್ಮ ಬಾಯಿಂದ ಹೆಚ್ಚಾಗಿ ಹೊರಡುವುದು ಯಾವಾಗ? ಮನೆಗೆಲಸದವಳು ಸಂಬಳ ಹೆಚ್ಚಿಸಿ ಎಂದಾಗ, ಚಾಲಕ ವಾರಕ್ಕೊಂದು ರಜೆ ಬೇಕೆಂದಾಗ. ಕೆಲವು ವಸತಿ ಸಮುಚ್ಚಯಗಳಲ್ಲಿ ಕೆಲಸದವರಿಗೆ ಬೇರೆಯೇ ಲಿಫ್ಟ್ ಇರುತ್ತದೆ; ತೃಪ್ತಿಯ ಉಪದೇಶವೂ ಹಾಗೆಯೇ ಅವರಿಗೆಂದು ಬೇರೆಯಾಗಿ ಮೀಸಲಾಗಿದೆ. ಇಂಥ ಉಪದೇಶಕ್ಕೂ ಸಂತೃಪ್ತಿಗೂ ಸಂಬಂಧವಿಲ್ಲ. ನಮ್ಮ ಊಟದ ಪಂಕ್ತಿಯ ನಿಯಮವೇ ಇದಕ್ಕೆ ಸಾಕ್ಷಿ. ಎಲೆಯ ಮೇಲೆ ಕೈ ಅಡ್ಡ ಹಿಡಿದು 'ಸಾಕು' ಎನ್ನಬೇಕಾದವನು ಉಣ್ಣುವವನು. ಹಸಿದವನ ಎಲೆಯ ಮುಂದೆ ನಿಂತು 'ನಿನಗಿಷ್ಟು ಸಾಕು' ಎನ್ನುವ ಅಧಿಕಾರ ಬಡಿಸುವವನಿಗಿಲ್ಲ. ಉಣ್ಣುವವನಾದರೂ ಹೊಟ್ಟೆ ತುಂಬಿದ ಮೇಲೆ ಕೈ ಅಡ್ಡ ಹಿಡಿಯದಿದ್ದರೆ ಮುಂದಿನ ಪಂಕ್ತಿಗೆ ಅನ್ನವಿರುವುದಿಲ್ಲ.

ಈ ಎರಡೂ ಸಂಗತಿಗಳನ್ನು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಬ್ಬ ಬಡ ಹೆಂಗಸು ಕಂಡುಕೊಂಡಿದ್ದಳು. ಆಯ್ದಕ್ಕಿ ಮಾರಯ್ಯನ ಕಾಯಕ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ನಮಗೆ ಎಂದಿನಷ್ಟೇ ಸಾಕು, ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಕತೆ ಹೇಳುತ್ತದೆ. ಆಕೆಯ ಮನೆಯಲ್ಲಿ ದಾಸೋಹ ನಡೆಯುತ್ತಿತ್ತು, ಬಂದ ಜಂಗಮರಿಗೆ ಊಟವಿತ್ತು. ಕೊಡುವ ಕೈಯನ್ನು ಬಿಗಿಹಿಡಿದು ಆಕೆ ತೃಪ್ತಳಾಗಲಿಲ್ಲ. ದಿನದ ದುಡಿಮೆ, ದಿನದ ಅಗತ್ಯ, ಬಂದವರ ಪಾಲು, ಇವು ಮೂರೂ ಕೂಡಿ ಆಕೆಗೆ ಒಂದು ಅಳತೆ ದೊರೆತಿತ್ತು. ಆ ಅಳತೆಯನ್ನು ಆಕೆಯ ಮೇಲೆ ಯಾರೂ ಹೇರಿರಲಿಲ್ಲ. ಹೆಚ್ಚಿನ ಅಕ್ಕಿ ಕೈಗೆ ಬಂದಿದ್ದಾಗಲೇ ಆಕೆ ಬೇಡವೆಂದಳು.

ಸರದಿಯ ಸಾಲಿನಲ್ಲಿದ್ದಾಗ ನಮಗಿಲ್ಲದಿದ್ದ ಅವಕಾಶ ಇದೇ. ಇಂದು ಅದು ನಮ್ಮಲ್ಲಿ ಅನೇಕರಿಗಿದೆ. ಆದಕಾರಣ ತೃಪ್ತಿಯ ಕಾಲ ಕಳೆದುಹೋಯಿತು ಎಂದು ಕೊರಗುವವರೊಂದಿಗೆ ನಾನು ದನಿಗೂಡಿಸಲಾರೆ. ನಮ್ಮ ಮಟ್ಟಿಗೆ ಅದು ಈಗಷ್ಟೇ ಸಾಧ್ಯವಾಗಿದೆ.

ಇದನ್ನು ವೈಯಕ್ತಿಕ ವ್ರತವನ್ನಾಗಿ ಮಾಡಿಕೊಂಡರೆ ಹೆಚ್ಚು ದಿನ ನಡೆಯದು. ನೆರೆಹೊರೆಯನ್ನು ನೋಡಿ ಹುಟ್ಟುವ ಆಸೆಗೆ ನೆರೆಹೊರೆಯವರು ಕೂಡಿಯೇ ಮದ್ದು ಹುಡುಕಬೇಕು. ಹೊರನಾಡಿನ ಸಂಘಗಳಿಗೆ ಇಲ್ಲಿ ಕೆಲಸವುಂಟು. ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲದ ವಸ್ತುಗಳನ್ನು ಒಟ್ಟಾಗಿ ಇಟ್ಟುಕೊಳ್ಳುವುದಕ್ಕೇ ಸಂಘವೆಂದು ಹೆಸರು: ಒಂದು ಗ್ರಂಥಾಲಯ, ಒಂದು ಸಭಾಂಗಣ, ನೂರು ಜನರ ಅಡುಗೆಗಾಗುವ ಪಾತ್ರೆ. ಛತ್ತರ್‌ಪುರದ ಫಾರ್ಮ್‌ಹೌಸುಗಳಲ್ಲಿ ಸಾಲ ಮಾಡಿ ಮದುವೆ ನಡೆಸುವ ನಮ್ಮವರು, ಸಂಘದ ಸಭಾಂಗಣದಲ್ಲಿ ಮದುವೆ ಮಾಡುವುದು ಮರ್ಯಾದೆಗೆ ಕಡಿಮೆಯಲ್ಲ ಎಂದು ಧೈರ್ಯವಾಗಿ ಹೇಳುವ ವಾತಾವರಣ ಬೆಳೆಯಬೇಕು. ಅದಕ್ಕೆ ಉಳ್ಳವರೇ ಮೊದಲು ಅಲ್ಲಿ ಮದುವೆ ಮಾಡಬೇಕು. ಇಲ್ಲದವರು ಮಾಡಿದರೆ ಅದು ಬಡತನವೆನಿಸುತ್ತದೆ.

ವೇದಿಕೆಯಿಂದಲೇ ಆರಂಭಿಸಬಹುದಾದ ಇನ್ನೊಂದು ಕೆಲಸವಿದೆ. ಪ್ರತಿ ಕಾರ್ಯಕ್ರಮದಲ್ಲಿಯೂ ಒಂದು ಡಜನ್ ಶಾಲು, ಅಷ್ಟೇ ಹಾರ, ಅಷ್ಟೇ ಸ್ಮರಣಫಲಕಗಳನ್ನು ನಾವು ಹಂಚುತ್ತೇವೆ. ಹಾರ ಸಂಜೆಯೊಳಗೆ ಬಾಡುತ್ತದೆ. ಫಲಕ ಕೆಲವು ವರ್ಷ ಅಟ್ಟದ ಮೇಲಿದ್ದು ಕೊನೆಗೆ ಘಾಜಿಪುರವನ್ನು ಸೇರುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಪದ್ಧತಿಯನ್ನು ಕೈಬಿಡುವ ಗೊತ್ತುವಳಿಯನ್ನು ಯಾರಾದರೂ ಮಂಡಿಸಬೇಕೆಂದು ನನ್ನ ವಿನಂತಿ. ಆ ಹಣದಿಂದ ಇಲ್ಲಿ ಹುಟ್ಟಿ ಬೆಳೆಯುತ್ತಿರುವ ಮಕ್ಕಳಿಗೆ ಕನ್ನಡ ಕಲಿಸುವ ತರಗತಿಯೊಂದನ್ನು ನಡೆಸಬಹುದು. ಯಾರೂ ಮುಂದೆ ಬಾರದಿದ್ದರೆ ಗೊತ್ತುವಳಿಯನ್ನು ನಾನೇ ಮಂಡಿಸುತ್ತೇನೆ. ಅನುಮೋದಿಸುವವರು ಒಬ್ಬರಾದರೂ ಬೇಕು.