ಟ್ರೇಲರ್ ಚಕ್ರವನ್ನು ಮೇ ತಿಂಗಳಲ್ಲೇ ಬಿಚ್ಚಿ ನೋಡಿ

ಮಳೆಗಾಲಕ್ಕೆ ಮುಂಚೆ ರಕ್ಷಣಾ ದೋಣಿಗಳ ತಪಾಸಣೆ ನಡೆಯುತ್ತದೆ. ಎಂಜಿನ್ ಚಾಲೂ ಮಾಡಿ ನೋಡುತ್ತಾರೆ, ಲೈಫ್ ಜಾಕೆಟ್ ಎಣಿಸುತ್ತಾರೆ, ರಬ್ಬರ್ ದೋಣಿಗೆ ಗಾಳಿ ತುಂಬಿ ಸೋರಿಕೆ ಹುಡುಕುತ್ತಾರೆ. ಅದೇ ದೋಣಿಯನ್ನು ಹೊತ್ತೊಯ್ಯುವ ಟ್ರೇಲರ್‌ನ ಚಕ್ರ ಬಿಚ್ಚಿ ನೋಡುವವರು ಕಡಿಮೆ. ಅಂಕೋಲೆಯಲ್ಲಿ ಗ್ಯಾರೇಜ್ ಇಟ್ಟಿರುವ ನನ್ನನ್ನು ಪ್ರತಿ ಮಳೆಗಾಲದಲ್ಲೂ ಕಾಡುವ ವಿಷಯ ಇದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ನದಿ ಉಕ್ಕಿದ್ದನ್ನು ಕಂಡವರು ನಾವು. ನೆರೆ ಬಂದ ಊರಿಗೆ ದೋಣಿ ತಲುಪಬೇಕಾದರೆ ಮೊದಲು ಅದು ರಸ್ತೆಯಲ್ಲಿ ಓಡಬೇಕು.

ಲಾರಿಯ ಚಕ್ರದ ಬೇರಿಂಗ್ ಓಡಿ ಓಡಿ ಸವೆಯುತ್ತದೆ. ದೋಣಿ ಟ್ರೇಲರ್‌ನದು ನಿಂತಲ್ಲೇ ಹಾಳಾಗುತ್ತದೆ. ದೂರದಿಂದ ಬಂದ ಟ್ರೇಲರ್‌ನ ಹಬ್, ಅಂದರೆ ಬೇರಿಂಗ್ ಕೂತಿರುವ ಚಕ್ರದ ನಡುಭಾಗ, ಬಿಸಿಯಾಗಿರುತ್ತದೆ. ಹಾಗೇ ನೀರಿಗೆ ರಿವರ್ಸ್ ಮಾಡಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಅಳಿವೆಗಳಲ್ಲಾದರೆ ಅದು ಉಪ್ಪುನೀರು. ಕೆಲಸ ಮುಗಿದ ಮೇಲೆ ಟ್ರೇಲರ್ ಶೆಡ್ಡು ಸೇರಿ ತಿಂಗಳುಗಟ್ಟಲೆ ಅಲ್ಲಾಡದೆ ನಿಲ್ಲುತ್ತದೆ. ಗ್ರೀಸ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ, ರೋಲರ್ ಕಪ್ಪಿಗೆ, ಅಂದರೆ ಬೇರಿಂಗಿನ ಹೊರಬಳೆಗೆ, ತಾಗಿ ನಿಂತ ಜಾಗದಲ್ಲೇ ತುಕ್ಕು ಹಿಡಿದು ಗುಳಿ ಬೀಳುತ್ತದೆ. ಮುಂದಿನ ವರ್ಷ ತುರ್ತು ಕರೆ ಬಂದಾಗ ಆ ಗುಳಿಗಳ ಮೇಲೆಯೇ ಚಕ್ರ ಉರುಳಬೇಕು. ಯಲ್ಲಾಪುರದ ದಾರಿಯ ಅರಬೈಲ್ ಘಟ್ಟದ ತಿರುವಿನಲ್ಲಿ ಅದು ಜಾಮ್ ಆದರೆ ದೋಣಿ ಅಲ್ಲೇ ನಿಂತಿತು.

'ಗ್ರೀಸ್ ಹೊಡೆಸಿದ್ದೇವೆ' ಎನ್ನುವ ಉತ್ತರ ನನಗೆ ಸಾಲದು. ಹೊರಗಿನ ನಿಪ್ಪಲ್‌ನಿಂದ ಹೊಡೆದ ಗ್ರೀಸ್ ಒಳಬದಿಯ ಬೇರಿಂಗ್‌ವರೆಗೆ ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಜಾಸ್ತಿ ಒತ್ತಿದರೆ ಹಿಂದಿನ ಸೀಲ್ ಎದ್ದು, ನೀರಿಗೆ ನಾವೇ ಬಾಗಿಲು ತೆರೆದುಕೊಟ್ಟಂತೆ. ಹಬ್ ಬಿಚ್ಚಲೇಬೇಕು. ಎರಡೂ ಬೇರಿಂಗ್ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ರೋಲರ್ ನೀಲಿಗಟ್ಟಿದ್ದರೆ, ಕಪ್ಪಿನ ಮೇಲೆ ಉಗುರು ಎಲ್ಲಾದರೂ ತಡೆದರೆ, ಬೇರಿಂಗನ್ನೂ ಕಪ್ಪನ್ನೂ ಜೊತೆಯಲ್ಲೇ ಬದಲಿಸಬೇಕು. ಸೀಲ್ ಮಾತ್ರ ಪ್ರತಿ ಸಲವೂ ಹೊಸದೇ. ನೀರಿಗೆ ತಡೆಯುವ ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರ್‌ಗಳ ನಡುವಿನಿಂದ ಹೊರಬರುವವರೆಗೆ ಒತ್ತಿ ತುಂಬಬೇಕು. ನಟ್ಟಿನ ವಿಷಯದಲ್ಲಿ ಬಲ ತೋರಿಸುವವರೇ ಜಾಸ್ತಿ. ಚಕ್ರ ತಿರುಗಿಸುತ್ತಾ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟಕ್ಕೇ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಅತಿಯಾಗಿ ಬಿಗಿದ ಹೊಸ ಬೇರಿಂಗ್ ಕೂಡ ಸುಟ್ಟುಹೋಗುತ್ತದೆ.

ಮೀನುಗಾರಿಕೆ ಬೋಟುಗಳ ಮಾಲೀಕರು ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನಗಳಲ್ಲಿ ರಿಪೇರಿ ಮುಗಿಸಿಕೊಳ್ಳುತ್ತಾರೆ. ರಕ್ಷಣಾ ದೋಣಿಗೆ ದುಡಿಮೆಯ ಕಾಲವೇ ಅದು. ಆದ್ದರಿಂದ ಅದರ ಟ್ರೇಲರ್ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು, ನೀರಿಗಿಳಿದು ಬಂದ ಮೇಲೆ ಮತ್ತೊಮ್ಮೆ ಆಗಬೇಕು. ನಾಲ್ಕು ಬೇರಿಂಗ್, ಎರಡು ಸೀಲ್‌ಗಳ ಖರ್ಚು ದೋಣಿಯ ಬೆಲೆಯ ಮುಂದೆ ಏನೇನೂ ಅಲ್ಲ. ಎಂಜಿನ್‌ಗೆ ಲಾಗ್‌ಬುಕ್ ಇಡುವ ಕಚೇರಿ, ಹಬ್ ಬಿಚ್ಚಿದ ತಾರೀಖನ್ನೂ ಅದರಲ್ಲೇ ಬರೆಯಲಿ, ಬಿಚ್ಚಿದವನ ಸಹಿ ಇರಲಿ. ಗ್ರೀಸ್ ತುಂಬಿದ ಒಂದು ಸೆಟ್ ಬೇರಿಂಗ್, ಸೀಲ್, ಪಿನ್, ಆ ತಗ್ಗು ಟ್ರೇಲರ್‌ನ ಅಡಿಗೆ ಹೋಗುವಂಥ ಜಾಕ್, ಇಷ್ಟನ್ನು ಡಬ್ಬಿಗೆ ಹಾಕಿ ಟ್ರೇಲರ್‌ಗೇ ಕಟ್ಟಿಡಲಿ. ಬೇರಿಂಗ್ ನಂಬರನ್ನು ಟ್ರೇಲರ್ ಮೇಲೆ ದಪ್ಪಕ್ಷರದಲ್ಲಿ ಪೇಂಟ್ ಮಾಡಿಸಲಿ. ರಾತ್ರಿ ಯಲ್ಲಾಪುರದಲ್ಲಿ ಅಂಗಡಿಯವನನ್ನು ಎಬ್ಬಿಸಿದರೆ ಅವನು ಮೊದಲು ಕೇಳುವುದು ಆ ನಂಬರನ್ನೇ.